ಗುರುವಿಲ್ಲದೆ ಹರ್ಮೆಟಿಕ್ ಸಾಧನೆ: ಮೊದಲೆರಡು ಹಂತ ನಾನು ಮಾಡಿದ ರೀತಿ

ಹರ್ಮೆಟಿಕ್ ಮ್ಯಾಜಿಕ್ (ಪಾಶ್ಚಾತ್ಯ ಗೂಢವಿದ್ಯೆಯ ಒಂದು ಪರಂಪರೆ) ಎಂದರೆ ಮಂಡಲ ಬರೆದು ಶಕ್ತಿಗಳನ್ನು ಕರೆಯುವುದು ಎಂದುಕೊಂಡು ಬಂದವರಿಗೆ ಫ್ರಾಂಜ್ ಬಾರ್ಡನ್ ಪದ್ಧತಿ ಮೊದಲ ವಾರದಲ್ಲೇ ಬೇಸರ ತರಿಸುತ್ತದೆ. ಚೆಕ್ ನಾಡಿನ ಓಪಾವಾ ಕಡೆಯವರಾದ ಬಾರ್ಡನ್ (1909–1958) ತಮ್ಮ ಪಾಠಕ್ರಮವನ್ನು 1956ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಅದರಲ್ಲಿರುವುದು ಹತ್ತು ಹಂತ. ಪ್ರತಿ ಹಂತದಲ್ಲೂ ಮನಸ್ಸಿಗೆ, ಸ್ವಭಾವಕ್ಕೆ, ಶರೀರಕ್ಕೆ ಬೇರೆ ಬೇರೆ ಅಭ್ಯಾಸಗಳಿವೆ. ಮೂರೂ ಜೊತೆಯಲ್ಲೇ ಸಾಗಬೇಕು, ಒಂದು ಹಿಂದೆ ಬಿದ್ದರೆ ಉಳಿದೆರಡೂ ಕಾಯಬೇಕು. ಮೊದಲ ಹಂತಕ್ಕೆ ಒಂದು ನೋಟ್‌ಬುಕ್, ಮೆತ್ತನೆ ಬ್ರಷ್, ಒರಟು ಟವೆಲ್, ನೇರ ಬೆನ್ನಿನ ಕುರ್ಚಿ ಇದ್ದರೆ ಸಾಕು.

ಮನಸ್ಸಿನ ಅಭ್ಯಾಸ ಮೂರು ಭಾಗ. ಮೊದಲನೆಯದು, ಕಣ್ಣು ಮುಚ್ಚಿ ಬರುವ ಯೋಚನೆಗಳನ್ನು ಸುಮ್ಮನೆ ನೋಡುವುದು. ಐದು ನಿಮಿಷದಿಂದ ಶುರು ಮಾಡಿ ದಿನಕ್ಕೊಂದು ನಿಮಿಷ ಏರಿಸುತ್ತ ಹತ್ತಕ್ಕೆ ತರಬೇಕು. ಯೋಚನೆಯನ್ನು ತಡೆಯಬಾರದು, ಅದರ ಬೆನ್ನು ಹತ್ತಲೂಬಾರದು. ನಾಳೆ ಕಟ್ಟಬೇಕಾದ ಕರೆಂಟ್ ಬಿಲ್ ನೆನಪಾಯಿತು ಎಂಬುದನ್ನು ಗಮನಿಸುವುದು ಅಭ್ಯಾಸ. ಬಿಲ್ ಎಷ್ಟು ಬಂದಿರಬಹುದು ಎಂದು ಲೆಕ್ಕ ಹಾಕತೊಡಗಿದರೆ ಅಭ್ಯಾಸ ತಪ್ಪಿತು. ಎರಡನೆಯದು, ಒಂದೇ ವಿಚಾರವನ್ನು ಹಿಡಿದು ಬೇರೆಯದು ಬಂದರೆ ಆಚೆ ತಳ್ಳುವುದು. ಇದು ದಿನವಿಡೀ ನಡೆಯಬೇಕಾದದ್ದು: ಆಫೀಸಿನಲ್ಲಿ ಮನೆಯ ಚಿಂತೆ ಇಲ್ಲ, ಮನೆಯಲ್ಲಿ ಆಫೀಸಿನದ್ದಿಲ್ಲ. ಮೂರನೆಯದು, ಯಾವ ಯೋಚನೆಯೂ ಇಲ್ಲದೆ ಹತ್ತು ನಿಮಿಷ ಎಚ್ಚರವಾಗಿ ಕೂರುವುದು.

ಹೆಚ್ಚಿನವರು ಎಡವುವುದು ಈ ಮೂರನೆಯದರಲ್ಲಿ. ‘ಈಗ ಮನಸ್ಸು ಖಾಲಿಯಾಗಿದೆ’ ಎಂಬುದೂ ಒಂದು ಯೋಚನೆಯೇ. ಇನ್ನೊಂದು ಮೋಸ ತೂಕಡಿಕೆ. ಹೊತ್ತು ಹೋದದ್ದೇ ತಿಳಿಯಲಿಲ್ಲ ಎಂದು ಖುಷಿಪಡಬೇಡಿ. ಟೈಮರ್ ಹೊಡೆದಾಗ ಬೆಚ್ಚಿಬಿದ್ದರೆ ಅದು ಶೂನ್ಯವಲ್ಲ, ನಿದ್ದೆ. ಊಟವಾದ ಕೂಡಲೇ ಕೂತರೆ ಹೀಗಾಗುವುದು ಹೆಚ್ಚು. ತಣ್ಣೀರಲ್ಲಿ ಮುಖ ತೊಳೆದು ಮತ್ತೆ ಕೂರಬೇಕು, ಇಲ್ಲವೇ ಬೆಳಗಿನ ಹೊತ್ತಿಗೆ ಬದಲಿಸಿಕೊಳ್ಳಬೇಕು.

ಸ್ವಭಾವದ ಅಭ್ಯಾಸಕ್ಕೆ ಬಾರ್ಡನ್ ಇಟ್ಟ ಹೆಸರು ಆತ್ಮದ ಕನ್ನಡಿ. ನನ್ನ ಪ್ರಕಾರ ಇಡೀ ಪದ್ಧತಿಯ ಅಡಿಪಾಯವೇ ಇದು. ಇಲ್ಲಿ ಅವಸರ ಮಾಡಿದವರು ಮುಂದೆ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲು ಕಪ್ಪು ಕನ್ನಡಿ: ಒಂದೆರಡು ವಾರ ನಮ್ಮ ದೋಷಗಳನ್ನೆಲ್ಲ ಬರೆಯಬೇಕು. ನೂರರ ಹತ್ತಿರಕ್ಕೆ ಹೋದರೆ ಒಳ್ಳೆಯದು. ‘ಸಿಟ್ಟು’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ‘ಕೆಲಸದ ನಡುವೆ ಯಾರಾದರೂ ಕರೆದರೆ ಸಿಡುಕುತ್ತೇನೆ’, ‘ತಪ್ಪು ನನ್ನದೇ ಎಂದು ಗೊತ್ತಾದಾಗ ದನಿ ಏರುತ್ತದೆ’: ಹೀಗೆ ಬಿಡಿಸಿ ಬರೆದಾಗ ಒಂದು ಸಿಟ್ಟು ನಾಲ್ಕೈದು ಸಾಲಾಗುತ್ತದೆ, ಯಾವುದನ್ನು ತಿದ್ದಬೇಕು ಎಂಬುದೂ ಕಾಣುತ್ತದೆ. ನೂರು ಸಾಲು ಎಲ್ಲಿಂದ ತರಲಿ ಎಂಬ ದಿಗಿಲೂ ಹೋಗುತ್ತದೆ.

ಆಮೇಲೆ ಪ್ರತಿ ಸಾಲಿನ ಮುಂದೆ ಒಂದು ತತ್ತ್ವ, ಅಂದರೆ ಅಗ್ನಿ, ವಾಯು, ಜಲ, ಪೃಥ್ವಿಗಳಲ್ಲಿ ಒಂದನ್ನು ಬರೆಯಬೇಕು. ಸಿಟ್ಟು, ಹೊಟ್ಟೆಕಿಚ್ಚು, ದ್ವೇಷ ಅಗ್ನಿಗೆ. ಜಂಬ, ಹರಟೆ, ದುಂದುಗಾರಿಕೆ ವಾಯುವಿಗೆ. ಉದಾಸೀನ, ನಾಚಿಕೆ, ಚಂಚಲತೆ ಜಲಕ್ಕೆ. ಜಡತೆ, ಮಂದತನ ಪೃಥ್ವಿಗೆ. ಎಲ್ಲಿ ಸೇರಿಸಬೇಕೆಂದು ತೋಚದಿದ್ದರೆ ಪ್ರಶ್ನೆ ಗುರುತು ಹಾಕಿ ಮುಂದುವರಿಯಿರಿ, ಕೊನೆಗೆ ತಾನೇ ಬಗೆಹರಿಯುತ್ತದೆ. ಬಳಿಕ ಮೂರು ಗುಂಪು: ದಿನವೂ ಕಾಡುವುದು, ಆಗೀಗ ಬರುವುದು, ಅಪರೂಪದ್ದು. ಇಷ್ಟೇ ಅವಧಿ ಒಳ್ಳೆಯ ಗುಣಗಳಿಗೆ, ಅಂದರೆ ಬಿಳಿ ಕನ್ನಡಿಗೂ ಕೊಡಬೇಕು. ಎರಡನ್ನೂ ಎದುರುಬದುರು ಇಟ್ಟರೆ ಯಾವ ತತ್ತ್ವ ಮೇಲುಗೈ ಎಂಬುದು ಎದ್ದು ಕಾಣುತ್ತದೆ. ಈ ನೋಟ್‌ಬುಕ್ ಮನೆಯವರ ಕೈಗೂ ಸಿಗಕೂಡದು. ಯಾರೋ ಓದಬಹುದೆಂಬ ಅನುಮಾನವಿದ್ದರೆ ನಿಜ ಬರೆಯಲು ಕೈ ಬರುವುದಿಲ್ಲ. ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರು ಕಪ್ಪು ಕನ್ನಡಿಯನ್ನು ಒಬ್ಬರೇ ಕೂತು ಬರೆಯದಿರುವುದು ಮೇಲು.

ನಮ್ಮವರಿಗೆ ಇಲ್ಲೊಂದು ತೊಡಕಿದೆ. ತೇಜಸ್ಸು (ಅಗ್ನಿ), ವಾಯು, ಅಪ್ (ಜಲ), ಪೃಥ್ವಿ, ಆಕಾಶ ಎಂಬ ಹೆಸರುಗಳನ್ನು ಬಾರ್ಡನ್ ಕೂಡ ಬಳಸುತ್ತಾರೆ, ಆದರೆ ಶರೀರದಲ್ಲಿ ಅವುಗಳ ಸ್ಥಾನ ಬೇರೆ. ಅವರಲ್ಲಿ ತಲೆ ಅಗ್ನಿ, ಎದೆ ವಾಯು, ಹೊಟ್ಟೆ ಜಲ, ಕೆಳಭಾಗ ಪೃಥ್ವಿ. ಯೋಗದಲ್ಲಿ ಅಗ್ನಿಯನ್ನು ಹೊಕ್ಕುಳಿನ ಹತ್ತಿರ ಇಟ್ಟು ರೂಢಿಯಾದವರು ಎರಡನ್ನೂ ಬೆರೆಸಿದರೆ ಮುಂದಿನ ತತ್ತ್ವಾಭ್ಯಾಸ ಪೂರ್ತಿ ಗೊಂದಲವಾಗುತ್ತದೆ. ಬಾರ್ಡನ್ ಪದ್ಧತಿ ಮಾಡುವಷ್ಟು ಕಾಲ ಅದರ ನಕ್ಷೆಯನ್ನೇ ಹಿಡಿಯಿರಿ.

ಶರೀರದ್ದು ಸುಲಭ: ಬೆಳಿಗ್ಗೆ ಚರ್ಮ ತುಸು ಕೆಂಪಾಗುವವರೆಗೆ ಒಣ ಬ್ರಷ್‌ನಿಂದ ಉಜ್ಜಿ, ತಣ್ಣೀರಲ್ಲಿ ತೊಳೆದು, ಟವೆಲ್‌ನಿಂದ ತಿಕ್ಕುವುದು. ಉಸಿರಿನ ಅಭ್ಯಾಸ ಏಳು ಉಸಿರಿನಿಂದ ಶುರು, ದಿನಕ್ಕೊಂದು ಹೆಚ್ಚು. ಆರೋಗ್ಯವೋ ಶಾಂತಿಯೋ ಒಂದು ಭಾವ ಗಾಳಿಯ ಜೊತೆ ಒಳಗೆ ಬರುತ್ತಿದೆ ಎಂಬ ದೃಢತೆ ಇಲ್ಲಿ ಮುಖ್ಯ, ಗಾಳಿಯ ಪ್ರಮಾಣವಲ್ಲ. ಹಾಗಾಗಿ ಬಲವಂತವಾಗಿ ಎಳೆಯಬಾರದು, ತಲೆ ಸುತ್ತುತ್ತದೆ. ಊಟಕ್ಕೂ ಇದೇ ಕ್ರಮ: ಮೊಬೈಲ್ ಬದಿಗಿಟ್ಟು, ಅದೇ ಭಾವವನ್ನು ಅನ್ನಕ್ಕೆ ತುಂಬಿ ನಿಧಾನವಾಗಿ ತಿನ್ನುವುದು. ಅದು ಕೈಗೂಡುವವರೆಗೆ ಭಾವ ಬದಲಿಸಬಾರದು.

ಎರಡನೇ ಹಂತಕ್ಕೆ 40 ಗಂಟು ಹಾಕಿದ ದಾರ ಬೇಕು. 108 ಮಣಿಯ ಜಪಮಾಲೆ ಉದ್ದವಾಯಿತು. ಮಲಗುವ ಮುಂಚೆ, ಎದ್ದ ಕೂಡಲೇ, ತಿದ್ದಬೇಕಾದ ದೋಷಕ್ಕೆ ತಕ್ಕ ಒಂದು ಸಣ್ಣ ವಾಕ್ಯವನ್ನು ಗಂಟಿಗೊಂದು ಸಲ ಹೇಳಿಕೊಳ್ಳಬೇಕು. ‘ಸಿಡುಕುವುದಿಲ್ಲ’ ಎಂದು ಹೇಳಿದರೆ ಮನಸ್ಸಿನಲ್ಲಿ ಉಳಿಯುವುದು ಸಿಡುಕೇ. ‘ನಾನು ಸಮಾಧಾನವಾಗಿದ್ದೇನೆ’ ಎನ್ನಬೇಕು.

ಏಕಾಗ್ರತೆಗೂ ಅದೇ ದಾರ. ಬೆಂಕಿಪೊಟ್ಟಣ, ಪೆನ್ಸಿಲ್, ಚಮಚದಂಥ ವಸ್ತುವನ್ನು ಚೆನ್ನಾಗಿ ನೋಡಿ, ಕಣ್ಣು ಮುಚ್ಚಿ ಹಾಗೇ ಕಲ್ಪಿಸುವುದು; ಚಿತ್ರ ಜಾರಿದಾಗೆಲ್ಲ ಒಂದು ಗಂಟು ದಾಟಿಸುವುದು. ಐದು ನಿಮಿಷದಲ್ಲಿ ಒಂದೂ ಗಂಟು ದಾಟದಿದ್ದರೆ ಗೆದ್ದಂತೆ. ಬೆಂಕಿಪೊಟ್ಟಣದ ಚಿತ್ರ ಚಪ್ಪಟೆಯಾಗಿ ನಿಂತರೆ ಗೀರುಪಟ್ಟಿಯ ಒರಟು ಮೈ, ಮೂಲೆ ಸವೆದ ಜಾಗ, ಒಳಡಬ್ಬಿ ಇಣುಕುವ ಸಂದನ್ನು ಮತ್ತೆ ಗಮನಿಸಿ ನೋಡಬೇಕು. ಹಣೆ, ಕಣ್ಣು ಬಿಗಿದರೆ ತಲೆನೋವು ಖಂಡಿತ. ಬಳಿಕ ಕಣ್ಣು ತೆರೆದೇ ಅದನ್ನು ಎದುರಿಗೆ ತೂಗಿದಂತೆ ಕಾಣಬೇಕು.

ಶಬ್ದಕ್ಕೆ ಬಂದಾಗ ಗಡಿಯಾರದ ಟಿಕ್‌ಟಿಕ್ ಮಾತ್ರ ಕೇಳಬೇಕು, ಗಡಿಯಾರ ಕಾಣಬಾರದು. ಆಮೇಲೆ ಬಿಸಿ, ತಂಪು, ಹಸಿವು. ಅದಾದ ಮೇಲೆ ವಾಸನೆ, ರುಚಿ. ದೃಶ್ಯ ಬಲವಾಗಿರುವವರಿಗೆ ಇವೇ ಕಷ್ಟ: ಮಲ್ಲಿಗೆಯ ಕಂಪು ಎಂದ ತಕ್ಷಣ ಹೂವೇ ಎದುರಿಗೆ ಬರುತ್ತದೆ. ಅಂಥವರು ನಿಜವಾದ ಹೂವನ್ನು ಕಣ್ಣು ಮುಚ್ಚಿ ಮೂಸಿ, ಪಕ್ಕಕ್ಕಿಟ್ಟು, ಕೂಡಲೇ ಅಭ್ಯಾಸಕ್ಕೆ ಕೂತರೆ ಬೇಗ ಹಿಡಿತ ಸಿಗುತ್ತದೆ. ಐದೂ ಇಂದ್ರಿಯಗಳಲ್ಲಿ ಐದೈದು ನಿಮಿಷ ನಿಲ್ಲದೆ ಮೂರನೇ ಹಂತದ ಪುಟ ತೆರೆಯಬಾರದು, ಯಾಕೆಂದರೆ ಅಲ್ಲಿ ಎರಡು ಮೂರು ಇಂದ್ರಿಯಗಳನ್ನು ಒಟ್ಟಿಗೆ ಹಿಡಿಯಬೇಕಾಗುತ್ತದೆ.