ಫಾರ್ಮಲಿನ್‌ಗೆ ಹಾಕುವ ಮೊದಲು ಒಂದು ಮಾತು ಕೇಳಿ

ರಾಯಚೂರು ಕಡೆಯ ಒಂದು ಪೆಥಾಲಜಿ ಲ್ಯಾಬ್‌ನಲ್ಲಿ ನಾನು ಟೆಕ್ನಿಷಿಯನ್. ಸುತ್ತಲಿನ ತಾಲ್ಲೂಕುಗಳ ನರ್ಸಿಂಗ್ ಹೋಮ್‌ಗಳಿಂದ ಬಯಾಪ್ಸಿ (ಪರೀಕ್ಷೆಗೆ ತೆಗೆದ ಅಂಗಾಂಶದ ತುಣುಕು), ಹೊಟ್ಟೆ-ಎದೆಯಿಂದ ತೆಗೆದ ನೀರು, ಸ್ಲೈಡು ಎಲ್ಲ ನಮ್ಮಲ್ಲಿಗೆ ಬರುತ್ತವೆ, ಎಷ್ಟೋ ಸಲ ರೋಗಿಯ ಕಡೆಯವರ ಕೈಯಲ್ಲೇ. ಓಟಿಗೆ (ಆಪರೇಷನ್ ಥಿಯೇಟರ್‌ಗೆ) ಹೊಸದಾಗಿ ಸೇರಿದ ಸಿಸ್ಟರ್‌ಗಳಿಗೆ ನಾನು ಮೊದಲು ಹೇಳುವುದು ಇಷ್ಟು: ತೆಗೆದ ತುಣುಕು ಯಾವ ಪರೀಕ್ಷೆಗೆ ಅಂತ ಡಾಕ್ಟರನ್ನು ಕೇಳಿ, ಫಾರ್ಮಲಿನ್ (ಅಂಗಾಂಶ ಕೆಡದಂತೆ ಇಡುವ ರಾಸಾಯನಿಕ ದ್ರಾವಣ) ಬಾಟಲಿ ಆಮೇಲೆ ಹುಡುಕಿ.

ಕುತ್ತಿಗೆಯ ಗಂಟಿನ ವಿಷಯವನ್ನೇ ನೋಡಿ. ಈಗೀಗ ಥಿಯೇಟರ್‌ನಿಂದಲೇ ಫೋನ್ ಬರುತ್ತದೆ. "ಸರ್, ಗಂಟು ತೆಗೆದಾರ, ಫಾರ್ಮಲಿನ್‌ಗೆ ಹಾಕ್ಲೇನ್ರಿ?" "ತಡೀರಿ ಸಿಸ್ಟರ್, ಟಿಬಿ ಅನುಮಾನ ಐತೇನು ಕೇಳ್ರಿ." ಅನುಮಾನ ಇದ್ದರೆ ಗಂಟನ್ನು ಸ್ಟೆರೈಲ್ ಆಗಿಯೇ ಎರಡು ಭಾಗ ಮಾಡಿಸುತ್ತೇನೆ. ಒಂದು ಭಾಗ ಫಾರ್ಮಲಿನ್‌ಗೆ, ಇನ್ನೊಂದು ಸ್ಟೆರೈಲ್ ನಾರ್ಮಲ್ ಸಲೈನ್‌ನಲ್ಲಿ ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ), ಸಿಬಿನ್ಯಾಟ್‌ಗೆ (ಟಿಬಿ ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ). ಫಾರ್ಮಲಿನ್ ಜೀವಕೋಶದ ಆಕಾರವನ್ನು ಇದ್ದ ಹಾಗೆ ಹಿಡಿದಿಡುತ್ತದೆ ನಿಜ, ಆದರೆ ರೋಗಾಣುವನ್ನು ಕೊಲ್ಲುತ್ತದೆ. ಗಂಟು ಪೂರ್ತಿ ಅದರಲ್ಲಿ ಮುಳುಗಿದರೆ ಕಲ್ಚರ್ ಆಸೆ ಬಿಡಬೇಕು. ಯಾವ ಔಷಧಿ ನಾಟುತ್ತದೆ ಎಂದು ತಿಳಿಯಲು ಆ ರೋಗಿ ಮತ್ತೆ ಚಾಕುವಿಗೆ ಕುತ್ತಿಗೆ ಒಡ್ಡಬೇಕಾಗಬಹುದು. ಕಿಡ್ನಿ ಬಯಾಪ್ಸಿಯೂ ಹೀಗೆಯೇ. ಇಮ್ಯುನೋಫ್ಲೋರೆಸೆನ್ಸ್ ಎಂಬ ಹೊಳೆಯುವ ಬಣ್ಣದ ಪರೀಕ್ಷೆಗೆ ಹೋಗುವ ಎಳೆಗೆ ಫಾರ್ಮಲಿನ್ ಸೋಕಬಾರದು. ಫ್ರೋಜನ್ ಸೆಕ್ಷನ್ (ಆಪರೇಷನ್ ನಡೆಯುತ್ತಿರುವಾಗಲೇ ತುಣುಕನ್ನು ಹೆಪ್ಪುಗಟ್ಟಿಸಿ ನೋಡುವುದು) ಇದ್ದರೆ ಸಲೈನ್‌ನಲ್ಲಿ ಒದ್ದೆ ಮಾಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ ಆ ಕ್ಷಣವೇ ಲ್ಯಾಬ್‌ಗೆ ಓಡಬೇಕು.

ನನ್ನ ಹೆಚ್ಚಿನ ಕಾಳಜಿ ಸ್ತನ ಕ್ಯಾನ್ಸರ್‌ನ ಸ್ಪೆಸಿಮನ್ (ಆಪರೇಷನ್‌ನಲ್ಲಿ ತೆಗೆದ ಭಾಗ) ಮೇಲೆ. ಫಾರ್ಮಲಿನ್ ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಸುಮಾರು 1 ಮಿಲಿಮೀಟರ್, ಒಳಗೆ ಹೋದಷ್ಟೂ ಇನ್ನೂ ನಿಧಾನ. ಇಡೀ ಸ್ತನವನ್ನು ಹಾಗೇ ಬಕೆಟ್‌ಗೆ ಹಾಕಿ ಮರುದಿನ ಕೊಯ್ದರೆ ಹೊರಗೆ ಬೂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ, ನಡುವೆ ಮಾತ್ರ ಕೆಂಪಗೆ, ಮೆತ್ತಗೆ, ಕೊಳೆಯಲು ಶುರುವಾಗಿರುತ್ತದೆ. ನಮಗೆ ಬೇಕಾದ ಗಡ್ಡೆ ಇರುವುದೇ ಆ ನಡುವೆ! ಇಆರ್, ಪಿಆರ್, ಹರ್-2 (ಗಡ್ಡೆಯಲ್ಲಿ ಹಾರ್ಮೋನ್ ಗ್ರಾಹಕಗಳನ್ನು, ಒಂದು ಪ್ರೋಟೀನನ್ನು ಹುಡುಕುವ) ಪರೀಕ್ಷೆಗಳ ಮೇಲೆ ಆಕೆಗೆ ಯಾವ ಚಿಕಿತ್ಸೆ ಎಂಬುದು ನಿಂತಿದೆ. ಕೆಟ್ಟ ಅಂಗಾಂಶದಲ್ಲಿ ಇರುವ ಪಾಸಿಟಿವ್ ಕೂಡ ನೆಗೆಟಿವ್ ಎಂದು ಬರಬಹುದು. ದೇಹದಿಂದ ತೆಗೆದ 1 ಗಂಟೆಯೊಳಗೆ ಫಾರ್ಮಲಿನ್ ಸೇರಬೇಕು, ಅದರಲ್ಲಿ ಕನಿಷ್ಠ 6 ಗಂಟೆ ಇರಬೇಕು, 72 ಗಂಟೆ ಮೀರಬಾರದು. ಅದಕ್ಕೇ ನಮ್ಮ ಫಾರಂನಲ್ಲಿ ಎರಡು ಖಾನೆ ಸೇರಿಸಿದ್ದೇನೆ: ತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ. ಸರ್ಜನ್ ದಾರ ಕಟ್ಟಿ ದಿಕ್ಕು ಗುರುತಿಸಿರುತ್ತಾರೆ, ಯಾವ ದಾರ ಯಾವ ಕಡೆಗೆ ಎಂದೂ ಅದರಲ್ಲೇ ಬರೆಸುತ್ತೇನೆ.

ಸ್ಪೆಸಿಮನ್ ಬಂದ ಕೂಡಲೇ ನಮ್ಮ ಡಾಕ್ಟರ್ ಮೇಡಂ ಹಿಂಬದಿಗೆ ಇಂಕ್ ಹಚ್ಚಿ, ಹಿಂಬದಿಯಿಂದಲೇ ಒಂದೊಂದು ಸೆಂಟಿಮೀಟರ್ ಅಂತರದಲ್ಲಿ ಕೊಯ್ಯುತ್ತಾರೆ. ಮುಂದಿನ ಚರ್ಮ ಕತ್ತರಿಸುವುದಿಲ್ಲ, ಹಾಳೆಗಳು ಜೋಡಿಕೊಂಡೇ ಇರುತ್ತವೆ. ನಡುನಡುವೆ ನಾನು ಗಾಜ್ ಬಟ್ಟೆ ತೂರಿಸುತ್ತೇನೆ, ಫಾರ್ಮಲಿನ್ ಒಳಗೆ ಹರಿಯಲಿ ಅಂತ. ದ್ರಾವಣ ಅಂಗಾಂಶದ ಹತ್ತು ಪಟ್ಟಾದರೂ ಇರಬೇಕು. ದೂರದ ಊರಿನಲ್ಲಿ ಆಪರೇಷನ್ ಆಗಿ ಇಲ್ಲಿಗೆ ಮುಟ್ಟಲು ರಾತ್ರಿ ಕಳೆಯುವಂತಿದ್ದರೆ, ಸರ್ಜನ್ ಮೇಡಂ ಜೊತೆ ಮಾತಾಡಿ ಅಲ್ಲಿಯೇ ಹಿಂಬದಿಯಿಂದ ಕೊಯ್ದು ಕಳಿಸುವ ವ್ಯವಸ್ಥೆ ಮಾಡಿಕೊಂಡಿದ್ದೇವೆ. ಕಿರಿದಾದ ಬಾಯಿಯ ಬಾಟಲಿ ಬೇಡವೇ ಬೇಡ. ಮೆತ್ತಗಿದ್ದಾಗ ಒಳಗೆ ಹೋಗುತ್ತದೆ, ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ.

ಸ್ಪೆಸಿಮನ್ ಹಾಕುವ ಫಾರ್ಮಲಿನ್ ದ್ರಾವಣ ನಾನೇ ತಯಾರಿಸುತ್ತೇನೆ. 100 ಎಂಎಲ್ ಅಂಗಡಿಯ ಗಟ್ಟಿ ಫಾರ್ಮಲಿನ್, 900 ಎಂಎಲ್ ಡಿಸ್ಟಿಲ್ಡ್ ವಾಟರ್, 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್, 6.5 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್. ಎಕ್ಸಾಸ್ಟ್ ಹಾಕಿ, ಗ್ಲೌಸ್ ತೊಟ್ಟು. ಇದರ ಹೊಗೆ ಕ್ಯಾನ್ಸರ್‌ಕಾರಕ. ಆ ಎರಡು ಫಾಸ್ಫೇಟ್ ಲವಣ ಬಿಟ್ಟರೆ ದ್ರಾವಣ ಹುಳಿಯಾಗಿ, ರಕ್ತ ಇರುವ ಅಂಗಾಂಶದಲ್ಲಿ ಕಂದು ಕಣಗಳು ಕೂರುತ್ತವೆ. ನೋಡಲು ಮಲೇರಿಯಾ ಪಿಗ್ಮೆಂಟ್‌ನಂತೆಯೇ (ಮಲೇರಿಯಾ ರೋಗಾಣು ಬಿಡುವ ಬಣ್ಣದ ಕಣ) ಇರುತ್ತವೆ!

ಹೊಟ್ಟೆಯ ನೀರು, ಎದೆಯ ನೀರಿಗೆ ಫಾರ್ಮಲಿನ್ ಹಾಕಬಾರದು. ತೆಗೆದ ನೀರನ್ನು ಮೆಲ್ಲಗೆ ಅಲ್ಲಾಡಿಸಿ, ಹೆಪ್ಪುಗಟ್ಟದಂತೆ ಒಂದು ಭಾಗ ಇಡಿಟಿಎ (ಹೆಪ್ಪುಗಟ್ಟುವುದನ್ನು ತಡೆಯುವ ಮದ್ದು) ಇರುವ ಟ್ಯೂಬ್‌ಗೆ ತುಂಬಿ ಅವತ್ತೇ ಕಳಿಸಬೇಕು. ತಡವಾದರೆ ಫ್ರಿಜ್‌ನಲ್ಲಿ 4 ಡಿಗ್ರಿ, ಫ್ರೀಜರ್‌ನಲ್ಲಿ ಅಲ್ಲ. ನಮ್ಮ ಬೇಸಿಗೆಯಲ್ಲಿ ಐಸ್ ಪ್ಯಾಕ್ ಇಲ್ಲದೆ ಸಾಗಿಸುವಂತಿಲ್ಲ, ಪ್ಯಾಕ್‌ಗೆ ಬಟ್ಟೆ ಸುತ್ತಿರಬೇಕು. ಬೆನ್ನುಹುರಿಯ ನೀರಿಗೆ ಇಷ್ಟು ಪುರಸೊತ್ತಿಲ್ಲ, ಗಂಟೆಯೊಳಗೆ ಲ್ಯಾಬ್ ಸೇರಬೇಕು. ಅದರ ಕಲ್ಚರ್ ಟ್ಯೂಬ್ ಮಾತ್ರ ಫ್ರಿಜ್‌ಗೆ ಬೇಡ, ಮೆನಿಂಜೈಟಿಸ್ (ಮೆದುಳಿನ ಪೊರೆಯ ಉರಿಯೂತ) ತರುವ ಕೆಲವು ಬ್ಯಾಕ್ಟೀರಿಯಾ ತಂಪಿಗೆ ಸಾಯುತ್ತವೆ.

ಸೂಜಿ ಪರೀಕ್ಷೆಯ (ಗಂಟಿನಿಂದ ಸೂಜಿಯಲ್ಲಿ ಜೀವಕೋಶ ಎಳೆದು ನೋಡುವುದು) ಸ್ಲೈಡುಗಳಲ್ಲಿ ಪ್ಯಾಪ್ ಬಣ್ಣಕ್ಕೆ ಹೋಗುವವು ಒಣಗುವ ಮುನ್ನವೇ 95% ಆಲ್ಕೋಹಾಲ್‌ಗೆ, ಜೀಮ್ಸಾ ಬಣ್ಣಕ್ಕೆ ಹೋಗುವವು ಗಾಳಿಗೆ ಒಣಗಲಿ. ಇವನ್ನು ಬಯಾಪ್ಸಿ ಡಬ್ಬಿಯ ಜೊತೆ ಒಂದೇ ಕವರ್‌ನಲ್ಲಿ ಇಡುವವರಿದ್ದಾರೆ. ಫಾರ್ಮಲಿನ್ ಆವಿ ತಗುಲಿದರೆ ಬಣ್ಣ ಹಾಕಿದಾಗ ಸ್ಲೈಡ್ ನೀಲಿ-ಹಸಿರಾಗಿ ಜೀವಕೋಶ ಗುರುತೇ ಸಿಗುವುದಿಲ್ಲ. ಸ್ಲೈಡ್ ಮೇಲೆ ಹೆಸರು ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಇಂಕ್ ಆಲ್ಕೋಹಾಲ್‌ಗೆ ತೊಳೆದುಹೋಗುತ್ತದೆ. ಡಬ್ಬಿಯ ಲೇಬಲ್ ಮುಚ್ಚಳದ ಮೇಲಲ್ಲ, ಮೈಮೇಲೆ.

ರಿಪೋರ್ಟ್ ಆದ ಮೇಲೆ ಉಳಿಯುವುದು ಪ್ಯಾರಾಫಿನ್ ಬ್ಲಾಕ್, ಅಂದರೆ ಮೇಣದಲ್ಲಿ ಹುದುಗಿಸಿದ ಅಂಗಾಂಶ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಹೋದರೆ ಬ್ಲಾಕ್, ಸ್ಲೈಡ್ ಎರಡೂ ತನ್ನಿ ಎನ್ನುತ್ತಾರೆ. ನಂಬರ್ ನೋಡಿ, ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಂಡು ಕೊಡುತ್ತೇನೆ. "ಯಮ್ಮಾ, ಇದು ಮೇಣದ್ದು, ಬಸ್ಸಿನಾಗ ಬಿಸಿಲಿಗೆ ಇಡಬ್ಯಾಡ್ರಿ, ತೋರಿಸಿದ ಮ್ಯಾಲೆ ವಾಪಸ್ ಇಸ್ಕೊಂಡು ಬರ್ರಿ" ಅಂತ ಹೇಳಿಯೇ ಕಳಿಸುತ್ತೇನೆ.