ಜಾಗಕ್ಕಿಂತ ಮೊದಲು ಹೊತ್ತನ್ನು ಆರಿಸಿ: ಮುಂಬಯಿ, ಪುಣೆ, ಗೋವಾ ಪ್ರವಾಸದಲ್ಲಿ ನಿಸರ್ಗಚಿತ್ರ ಬರೆಯುವವರಿಗೆ

ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಚಿತ್ರ ಬರೆಯುವ ಹವ್ಯಾಸವುಳ್ಳವರು ರಜೆಗೆ ಹೊರಡುವ ಮುನ್ನ ಸಾಮಾನ್ಯವಾಗಿ ಕೇಳುವುದು ಎಲ್ಲಿಗೆ ಹೋದರೆ ಒಳ್ಳೆಯ ದೃಶ್ಯ ಸಿಗುತ್ತದೆ ಎಂಬ ಪ್ರಶ್ನೆಯನ್ನು. ವಾಲ್ಕೇಶ್ವರದ ಬಾಣಗಂಗೆ, ಪುಣೆಯ ಪರ್ವತಿ ಬೆಟ್ಟ, ಪಣಜಿಯ ಫಾಂಟೇನ್ಹಾಸ್ ಎಂದು ಹೆಸರುಗಳನ್ನು ಹೇಳುವುದು ಸುಲಭ. ಆದರೆ ಬೆಳಗ್ಗೆ ಏಳು ಗಂಟೆಗೆ ಕಣ್ಣು ತುಂಬುವ ಅದೇ ಜಾಗ ಮಧ್ಯಾಹ್ನ ಒಂದು ಗಂಟೆಗೆ ನೆರಳಿಲ್ಲದೆ, ಆಳವಿಲ್ಲದೆ ಚಪ್ಪಟೆಯಾಗಿ ಕಾಣುತ್ತದೆ. ಕೈಚಳಕ ಎಷ್ಟಿದ್ದರೂ ಆಗ ಚಿತ್ರ ಒದಗಿ ಬರುವುದು ಕಷ್ಟ. ಬಯಲಿನಲ್ಲಿ ಕುಳಿತು ಬರೆಯುವವರು ಮೊದಲು ನಿರ್ಧರಿಸಬೇಕಾದದ್ದು ಹೊತ್ತನ್ನು. ಸೂರ್ಯ, ಸಮುದ್ರದ ಉಬ್ಬರವಿಳಿತ, ಗಾಳಿಯ ತೇವ, ಇವು ಮೂರೂ ಗಡಿಯಾರ ಮತ್ತು ಪಂಚಾಂಗಕ್ಕೆ ಸೇರಿದ ಸಂಗತಿಗಳಾದ್ದರಿಂದ ಅವನ್ನು ಮನೆಯಲ್ಲಿಯೇ ಲೆಕ್ಕ ಹಾಕಿಕೊಂಡು ಹೊರಡಬಹುದು.

ಮೊದಲು ಸೂರ್ಯನ ವಿಚಾರ. ಮುಂಬಯಿ ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ತಿಂಗಳ ಮಧ್ಯಭಾಗದಲ್ಲಿ ಮತ್ತು ಮತ್ತೆ ಜುಲೈ ಕೊನೆಯ ವಾರದಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಗೋವಾದಲ್ಲಿ ಅದು ಮೇ ಮೊದಲ ವಾರಕ್ಕೇ ಬರುತ್ತದೆ. ಮಕ್ಕಳ ಬೇಸಿಗೆ ರಜೆಯೆಂದು ಬಹುಪಾಲು ಕುಟುಂಬಗಳು ಹೊರಡುವುದು ಆ ತಿಂಗಳಲ್ಲೇ. ಆ ದಿನಗಳಲ್ಲಿ ಒಂಬತ್ತಕ್ಕೆ ಮೊದಲು ಅಥವಾ ನಾಲ್ಕರ ಬಳಿಕ ಮಾತ್ರ ಕುಳಿತುಕೊಳ್ಳಿ; ನಡುವಿನ ಹೊತ್ತನ್ನು ಊಟಕ್ಕೆ, ವಸ್ತುಸಂಗ್ರಹಾಲಯಕ್ಕೆ, ನಿದ್ರೆಗೆ ಬಿಟ್ಟುಬಿಡಿ. ಡಿಸೆಂಬರ್ ಕೊನೆಯಲ್ಲಿ ಹಾಗಲ್ಲ. ಮುಂಬಯಿಯ ಸೂರ್ಯ ಆಗ ನಡುಹಗಲಿನಲ್ಲೂ ಸುಮಾರು 48 ಡಿಗ್ರಿಗಿಂತ ಮೇಲೇರುವುದಿಲ್ಲವಾದ್ದರಿಂದ ಕಂಬವಾಗಲಿ ಮರವಾಗಲಿ ತನ್ನ ಎತ್ತರಕ್ಕೆ ಹತ್ತಿರದಷ್ಟೇ ಉದ್ದದ ನೆರಳನ್ನು ಚೆಲ್ಲುತ್ತದೆ, ದಿನವಿಡೀ ಬರೆಯಬಹುದು. ಪ್ರವಾಸದ ಉದ್ದೇಶವೇ ಚಿತ್ರವಾಗಿದ್ದರೆ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿಗೆ ಸಮನಾದದ್ದು ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಪಶ್ಚಿಮ ಕರಾವಳಿಯಲ್ಲಿ ಕಡಲು ಪಡುವಣಕ್ಕಿದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ, ಆದರೆ ಚಿತ್ರಕಾರರು ಅದರ ಲಾಭವನ್ನು ಪೂರ್ತಿಯಾಗಿ ಪಡೆಯುವುದಿಲ್ಲ. ಬೆಳಗ್ಗೆ ನೀವು ಕಡಲಿಗೆ ಮುಖಮಾಡಿ ಕುಳಿತರೆ ಬೆಳಕು ಬೆನ್ನ ಹಿಂದಿನಿಂದ ಬರುತ್ತದೆ, ನೀರಿನ ಮತ್ತು ದೋಣಿಗಳ ನಿಜವಾದ ಬಣ್ಣ ತಿಳಿಯುತ್ತದೆ. ಸಂಜೆ ಅದೇ ದಿಕ್ಕಿಗೆ ನೋಡಿದರೆ ಎಲ್ಲವೂ ಕಪ್ಪು ಆಕೃತಿಗಳಾಗಿ, ನೀರು ಬಿಳಿಯ ಹೊಳಪಾಗಿ ಉಳಿಯುತ್ತದೆ. ಸೂರ್ಯಾಸ್ತದ ಚಿತ್ರಗಳು ಬಹಳ ಬಂದಿವೆ. ಅವುಗಳಿಗಿಂತ ಹೆಚ್ಚು ಫಲ ಕೊಡುವುದು ಸಂಜೆಗೆ ಕಡಲಿಗೆ ಬೆನ್ನು ಹಾಕಿ ಕೂರುವುದು. 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮರೀನ್ ಡ್ರೈವ್‌ನ ಆರ್ಟ್ ಡೆಕೊ ಎಂಬ ವಾಸ್ತುಶೈಲಿಯ ಕಟ್ಟಡಗಳ ಸಾಲು ಪಶ್ಚಿಮಕ್ಕೆ ಮುಖಮಾಡಿದೆ, ಐದು ಗಂಟೆಯ ನಂತರ ಅದರ ದುಂಡು ಬಾಲ್ಕನಿಗಳ ಕೆಳಗೆ ಬೀಳುವ ನೆರಳುಗಳನ್ನು ಬರೆದರೆ ಸಾಕು, ಕಟ್ಟಡ ತಾನಾಗಿ ಎದ್ದು ನಿಲ್ಲುತ್ತದೆ. ಹಳೆ ಗೋವಾದಲ್ಲಿ ಸೆ ಕೆಥೆಡ್ರಲ್‌ನ ಬಿಳಿಯ ಮುಖ ಪೂರ್ವಕ್ಕಿರುವುದರಿಂದ ಅದಕ್ಕೆ ಮುಂಜಾನೆಯೇ ಸರಿ. ರಸ್ತೆಯಾಚೆ, ಗಾರೆಯಿಲ್ಲದೆ ಕೆಂಪುಕಲ್ಲು ಕಾಣುವ ಬೋಂ ಜೀಸಸ್ ಬಸಿಲಿಕಾಕ್ಕೆ ಇಳಿಬಿಸಿಲನ್ನು ಕಾಯಿರಿ. ಫಾಂಟೇನ್ಹಾಸ್‌ನಂತಹ ಇಕ್ಕಟ್ಟು ಓಣಿಗಳಲ್ಲಿ ಬೇರೆಯೇ ನಿಯಮ ನಡೆಯುತ್ತದೆ. ಅಲ್ಲಿ ಬೆಳಗಿನ ಬೆಳಕು ಒಂದು ಗೋಡೆಗೆ ಬಡಿದು ಎದುರುಗೋಡೆಯ ನೆರಳಿನೊಳಗೆ ಚಿಮ್ಮುತ್ತದೆ, ಹೀಗಾಗಿ ನೀಲಿ ಮನೆಯ ನೆರಳಿನಲ್ಲಿ ಎದುರುಮನೆಯ ಹಳದಿ ಇರುತ್ತದೆ. ಅದನ್ನು ಕಾಣಲು ಕಲಿತವರು ನೆರಳಿಗೆ ಬರಿಯ ಬೂದು ಬಳಿಯುವುದನ್ನು ಬಿಟ್ಟುಬಿಡುತ್ತಾರೆ.

ಉಬ್ಬರವಿಳಿತದ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಮುಂಬಯಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಸಮುದ್ರದ ಏರಿಳಿತ ನಾಲ್ಕೈದು ಮೀಟರಿನಷ್ಟಾಗುತ್ತದೆ. ಗೋವಾದಲ್ಲಿ ಅದು ಸುಮಾರು 2 ಮೀಟರ್. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ 12 ಗಂಟೆ 25 ನಿಮಿಷಗಳಷ್ಟು ಅಂತರವಿದ್ದು, ಪ್ರತಿದಿನವೂ ಅದು ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಮುಂಬಯಿಯ ಮಟ್ಟಿಗೆ ಹುಣ್ಣಿಮೆ ಮತ್ತು ಅಮಾವಾಸ್ಯೆಗಳಂದು ತುಂಬು ಉಬ್ಬರ ನಡುಹಗಲು ಮತ್ತು ನಡುರಾತ್ರಿಯ ಆಸುಪಾಸಿನಲ್ಲಿ ಬೀಳುವುದರಿಂದ ಬೆಳಗ್ಗೆ ಆರರ ಹೊತ್ತಿಗೆ ಮತ್ತು ಸಂಜೆ ಆರರ ಹೊತ್ತಿಗೆ ನೀರು ಬಹಳ ಹಿಂದೆ ಸರಿದಿರುತ್ತದೆ. ಅಷ್ಟಮಿಯ ಹೊತ್ತಿಗೆ ಇದು ತಿರುವುಮುರುವಾಗಿ, ಬೆಳಗು ಬೈಗುಗಳಲ್ಲಿ ನೀರು ದಡಕ್ಕೆ ಬಂದಿರುತ್ತದೆ. ಆದ್ದರಿಂದ ವರಳಿಯ ಕೋಳಿವಾಡದಲ್ಲಿ (ಮೀನುಗಾರರ ಕೇರಿಯಲ್ಲಿ) ಕೆಸರಿನ ಮೇಲೆ ಒಂದು ಪಕ್ಕಕ್ಕೆ ವಾಲಿ ಮಲಗಿದ ದೋಣಿಗಳನ್ನು ಎಳೆಬಿಸಿಲಿನಲ್ಲಿ ಬರೆಯಬೇಕೆಂದಿದ್ದರೆ ಹುಣ್ಣಿಮೆಯ ಮರುದಿನವನ್ನು ಆರಿಸಿ. ನೀರಿನ ಮೇಲೆ ತೇಲುವ ದೋಣಿಗಳೂ ಅವುಗಳ ಬಿಂಬಗಳೂ ಬೇಕೆಂದಿದ್ದರೆ ಅಷ್ಟಮಿಯ ಸುತ್ತಿನ ದಿನಗಳನ್ನು ಆರಿಸಿ. ಬಂಡೆಗಳ ಮೇಲೆ, ಕಡಲೊಳಗಿನ ದಾರಿಗಳ ಮೇಲೆ ಕೂರುವವರಿಗೆ ಇದು ಚಿತ್ರಕ್ಕಿಂತ ಮಿಗಿಲಾಗಿ ಜೀವದ ಪ್ರಶ್ನೆ. ಹಾಜಿ ಅಲಿ ದರ್ಗಾದ ದಾರಿ ಉಬ್ಬರದಲ್ಲಿ ಮುಳುಗುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಿ, ಮತ್ತು ಕುಳಿತ ಜಾಗದಿಂದ ಹಿಂದಿರುಗುವ ದಾರಿ ನೀರಿಗಿಂತ ಎತ್ತರದಲ್ಲಿದೆಯೇ ಎಂದು ಮೊದಲೇ ನೋಡಿ.

ಬಿಂಬದ ಬಗ್ಗೆ ಒಂದು ಮಾತು. ನೀರಿನಲ್ಲಿ ಕಾಣುವ ಬಿಳಿಯ ವಸ್ತು ಇರುವುದಕ್ಕಿಂತ ತುಸು ಕಂದಾಗಿಯೂ ಕಪ್ಪು ವಸ್ತು ತುಸು ತಿಳಿಯಾಗಿಯೂ ಕಾಣುತ್ತದೆ. ಬಾಣಗಂಗೆಯ ಮೆಟ್ಟಿಲ ಮೇಲೆ ಕುಳಿತವರು ಈ ಒಂದು ಸಂಗತಿಯನ್ನು ಪಾಲಿಸಿದರೆ ಕೊಳದ ನೀರು ನೀರಾಗಿಯೇ ಕಾಣುತ್ತದೆ.

ಚೀಲದಲ್ಲಿ ಇರಬೇಕಾದದ್ದು ಕಡಿಮೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ ಜಲವರ್ಣ ಕಾಗದದ ಅಂಗೈಯಗಲದ ಪುಸ್ತಕ, 2ಬಿ ಪೆನ್ಸಿಲು, ನೀರಿಗೆ ಹರಡದ ಶಾಯಿಯ ಪೆನ್ನು, ಒಂದು ದಪ್ಪ ಒಂದು ಸಣ್ಣ ಬ್ರಷ್, ಮುಚ್ಚಳ ಭದ್ರವಾಗಿರುವ ಡಬ್ಬಿಯಲ್ಲಿ ನೀರು, ಹಳೆಯ ಹತ್ತಿಬಟ್ಟೆ, ನಾಲ್ಕು ಕ್ಲಿಪ್ಪುಗಳು ಮತ್ತು ಮಡಚುವ ಸ್ಟೂಲು. ಮುಂಬಯಿಯಲ್ಲೇ 1931ರಲ್ಲಿ ಹುಟ್ಟಿದ ಕ್ಯಾಮ್ಲಿನ್‌ನ ಟ್ಯೂಬುಗಳು ಊರೂರಿನ ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತವೆ. ಅವುಗಳಿಂದ ಬಣ್ಣವನ್ನು ಚಿಕ್ಕ ಗುಳಿಗಳಿರುವ ಪೆಟ್ಟಿಗೆಗೆ ಹಿಂಡಿ, ಎರಡು ದಿನ ಒಣಗಿಸಿ ಒಯ್ದರೆ ಬಸ್ಸಿನಲ್ಲಿ ಸೋರುವ ಭಯವಿಲ್ಲ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ (ಕೆಂಗಂದು), ಯೆಲ್ಲೊ ಓಕರ್ (ಮಣ್ಣಿನ ಹಳದಿ), ಲೆಮನ್ ಯೆಲ್ಲೊ ಮತ್ತು ಕ್ರಿಮ್ಸನ್ (ಕಡುಗೆಂಪು), ಈ ಐದು ಸಾಕು. ಹನ್ನೆರಡು ಬಣ್ಣಗಳ ಪೆಟ್ಟಿಗೆಯನ್ನು ಬಯಲಿಗೆ ಒಯ್ಯುವವರ ಬೆಳಕೆಲ್ಲ ಬಣ್ಣ ಆರಿಸುವುದರಲ್ಲೇ ಕಳೆದುಹೋಗುತ್ತದೆ.

ಕುಳಿತ ಕೂಡಲೇ ದೊಡ್ಡ ಹಾಳೆಗೆ ಕೈಹಾಕಬೇಡಿ. ಪುಟದ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಗಾತ್ರದ ಚೌಕ ಹಾಕಿ, ಕಣ್ಣನ್ನು ಅರೆಮುಚ್ಚಿ ನೋಡಿ, ಇಡೀ ದೃಶ್ಯವನ್ನು ಬಿಳಿ, ನಡುಬೂದು, ಕಪ್ಪು ಎಂಬ ಮೂರೇ ಛಾಯೆಗಳಲ್ಲಿ ಪೆನ್ಸಿಲಿನಿಂದ ತುಂಬಿಸಿ. ಇದಕ್ಕೆ ಐದು ನಿಮಿಷ ಸಾಕು, ಮತ್ತು ಇದೇ ಕೆಲಸದ ಅತ್ಯಂತ ಮುಖ್ಯ ಭಾಗ. ಈ ಪುಟ್ಟ ಕರಡಿನಲ್ಲಿ ದೃಶ್ಯ ನಿಲ್ಲದಿದ್ದರೆ ಬಣ್ಣ ಅದನ್ನು ಉಳಿಸಲಾರದು; ಅಲ್ಲಿಂದ ಎದ್ದು ಹತ್ತು ಹೆಜ್ಜೆ ಪಕ್ಕಕ್ಕೆ ಹೋಗಿ ಮತ್ತೆ ನೋಡಿ. ಕರಡು ನಿಂತ ಮೇಲೆ ದೊಡ್ಡ ಹಾಳೆಯಲ್ಲಿ ಮೊದಲು ದಿಗಂತದ ಗೆರೆಯನ್ನೂ ದೊಡ್ಡ ಆಕಾರಗಳನ್ನೂ ಹಾಕಿ, ಕೂಡಲೇ ನೆರಳುಗಳ ಅಂಚನ್ನು ಗುರುತಿಸಿ. ಸೂರ್ಯ ಗಂಟೆಗೆ 15 ಡಿಗ್ರಿಯಷ್ಟು ಸರಿಯುತ್ತಾನಾದ್ದರಿಂದ ಒಂದೂವರೆ ಗಂಟೆಯಲ್ಲಿ ನೆರಳಿನ ದಿಕ್ಕೂ ಉದ್ದವೂ ಬೇರೆಯಾಗಿರುತ್ತವೆ. ಒಮ್ಮೆ ಗುರುತಿಸಿದ ನೆರಳನ್ನು ಆಮೇಲೆ ನಿಜವಾದ ನೆರಳು ಎಲ್ಲಿಗೆ ಹೋದರೂ ಬದಲಿಸಬಾರದು. ಬೆಳಕು ಪೂರ್ತಿ ಬದಲಾಗಿದೆ ಎನ್ನಿಸಿದಾಗ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ, ಮರುದಿನ ಅದೇ ಗಂಟೆಗೆ ಬನ್ನಿ.

ಬಣ್ಣ ಹಚ್ಚುವಾಗ ತಿಳಿಯಿಂದ ಗಾಢಕ್ಕೆ, ಮೇಲಿನಿಂದ ಕೆಳಕ್ಕೆ ಸಾಗುವುದು ಜಲವರ್ಣದ ರೂಢಿ. ಎರಡನೆಯ ವಾಶ್ (ನೀರುಬಣ್ಣದ ತೆಳುಲೇಪ) ಯಾವಾಗ ಹಚ್ಚಬೇಕೆಂಬುದನ್ನು ಮಾತ್ರ ಊರು ನಿರ್ಧರಿಸುತ್ತದೆ. ಘಟ್ಟದ ಮೇಲಿರುವ ಪುಣೆಯಲ್ಲಿ ಮಾರ್ಚ್, ಏಪ್ರಿಲ್ ತಿಂಗಳ ಒಣಗಾಳಿಗೆ ವಾಶ್ ನೋಡನೋಡುತ್ತಲೇ ಒಣಗುತ್ತದೆ. ಆಕಾಶವನ್ನು ಹಚ್ಚುವ ಮೊದಲು ಕಾಗದವನ್ನು ಎರಡು ಸಲ ಒದ್ದೆ ಮಾಡಿ, ಬಣ್ಣವನ್ನು ಮುಂಚಿತವಾಗಿಯೇ ಹೆಚ್ಚಾಗಿ ಕಲಸಿಟ್ಟುಕೊಳ್ಳಬೇಕು. ಮುಂಬಯಿ, ಗೋವಾಗಳಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದೇ ವಾಶ್ ಎಷ್ಟು ಹೊತ್ತಾದರೂ ಒದ್ದೆಯಾಗಿಯೇ ಇರುತ್ತದೆ. ಆಗ ಎರಡು ಚಿತ್ರಗಳನ್ನು ಒಟ್ಟಿಗೆ ತೊಡಗಿ, ಒಂದು ಒಣಗುವಷ್ಟರಲ್ಲಿ ಇನ್ನೊಂದನ್ನು ಮುಂದುವರಿಸುವುದು ಜಾಣತನ. ಮಳೆಗಾಲದಲ್ಲಿ ಚಿತ್ರ ಬರೆಯುವುದೇ ಸಾಧ್ಯವಿಲ್ಲ ಎನ್ನುವವರೊಂದಿಗೆ ನನ್ನ ಸಹಮತವಿಲ್ಲ. ಮಾಡಿನ ಕೆಳಗೊಂದು ಜಗಲಿ ಸಿಕ್ಕರೆ, ಮಂಜು ಒಂದೊಂದಾಗಿ ಅಳಿಸುತ್ತ ಹೋಗುವ ಬೆಟ್ಟಸಾಲುಗಳಿಗಿಂತ ಒಳ್ಳೆಯ ಪಾಠ ಬೇರೆಲ್ಲೂ ಸಿಗದು.

ಆ ಬೆಟ್ಟಗಳ ಆಕಾರವನ್ನು ಕುರಿತು ನಮ್ಮವರಿಗೆ ವಿಶೇಷವಾಗಿ ಹೇಳಬೇಕು. ಮಲೆನಾಡಿನಿಂದ, ದಕ್ಷಿಣ ಕನ್ನಡದಿಂದ ಬಂದವರ ಕೈ ಬೆಟ್ಟವೆಂದೊಡನೆ ದುಂಡಗಿನ ಬೆನ್ನನ್ನು ಬರೆದುಬಿಡುತ್ತದೆ. ಪುಣೆಯ ಸುತ್ತಲಿನ ಸಹ್ಯಾದ್ರಿ ಹಾಗಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾದ ಕಪ್ಪುಕಲ್ಲು ಅದು. ಅದರ ತುದಿ ಚಪ್ಪಟೆ, ಮೈ ಮೆಟ್ಟಿಲು ಮೆಟ್ಟಿಲು, ಒಂದು ಕಡಿದಾದ ಗೋಡೆಯ ಕೆಳಗೊಂದು ಇಳಿಜಾರು, ಅದರ ಕೆಳಗೆ ಮತ್ತೊಂದು ಗೋಡೆ. ಪುಣೆ ಬಳಿಯ ಕೋಟೆಬೆಟ್ಟವಾದ ಸಿಂಹಗಡವನ್ನು ಬರೆಯುವಾಗ ಈ ಅಡ್ಡಪಟ್ಟಿಗಳನ್ನು ಸಮತಲವಾಗಿ ಇಟ್ಟರೆ ಉಳಿದ ವಿವರ ಕಡಿಮೆಯಾದರೂ ಅದು ಸಹ್ಯಾದ್ರಿಯೆಂದು ಯಾರಾದರೂ ಗುರುತಿಸುತ್ತಾರೆ. ಈ ಕಲ್ಲಿನ ಕಪ್ಪನ್ನು ಟ್ಯೂಬಿನಿಂದ ತೆಗೆಯಬೇಡಿ, ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನ್ನಾ ಸೇರಿಸಿ ಮಾಡಿಕೊಳ್ಳಿ; ನೀಲಿ ಹೆಚ್ಚಾದರೆ ದೂರದ ಬೆಟ್ಟ, ಸಿಯೆನ್ನಾ ಹೆಚ್ಚಾದರೆ ಹತ್ತಿರದ ಬಂಡೆ. ಗೋವಾದ ಮುರಕಲ್ಲಿಗೆ ಬರ್ನ್ಟ್ ಸಿಯೆನ್ನಾದಲ್ಲಿ ಒಂದಿಷ್ಟು ಕ್ರಿಮ್ಸನ್ ಸಾಕು, ಮಳೆಗಾಲದಲ್ಲಿ ಅದರ ಮೇಲೆ ಇಳಿದ ಪಾಚಿಯ ಕಪ್ಪು ಗೆರೆಗಳನ್ನು ಕಾಗದ ಒದ್ದೆಯಿರುವಾಗಲೇ ಎಳೆಯಿರಿ. ಮಳೆಗಾಲದ ಹಸಿರನ್ನು ಲೆಮನ್ ಯೆಲ್ಲೊ ಮತ್ತು ಅಲ್ಟ್ರಾಮರೀನ್‌ನಿಂದ ಮಾಡಿ, ಚಿಟಿಕೆ ಸಿಯೆನ್ನಾದಿಂದ ಪಳಗಿಸಿ. ಮುಂಬಯಿಯ ಕಡಲು ಬಹಳ ದಿನ ನೀಲಿಯಾಗಿರುವುದೇ ಇಲ್ಲ. ಓಕರ್ ಬೆರೆತ ಬೂದುಹಸಿರು ಅದು, ಕಂಡಂತೆಯೇ ಬರೆಯಿರಿ.

ರೈಲಿನಲ್ಲಿ ಬಣ್ಣ ಬೇಡ, ಪೆನ್ನು ಸಾಕು. ಮುಂಬಯಿಯಿಂದ ಪುಣೆಗೆ ಹೋಗುವ ಹಲವು ರೈಲುಗಳು ಘಟ್ಟ ಹತ್ತಲು ಹಿಂದಿನಿಂದ ತಳ್ಳುವ ಎಂಜಿನ್ ಜೋಡಿಸಿಕೊಳ್ಳಲು ಕರ್ಜತ್‌ನಲ್ಲಿ ನಿಲ್ಲುತ್ತವೆ. ಆ ಕೆಲವು ನಿಮಿಷಗಳಲ್ಲಿ ಎದುರಿನ ಬೆಟ್ಟದ ಹೊರಗೆರೆಯನ್ನು ಹಿಡಿಯಿರಿ. ಮುಂದೆ ಸುರಂಗಗಳ ಸಾಲು ಬರುತ್ತದೆ. ಎರಡು ಸುರಂಗಗಳ ನಡುವೆ ಕಂಡದ್ದನ್ನು ಕೈ ಕಟ್ಟಿಕೊಂಡು ನೋಡಿ, ಸುರಂಗದೊಳಗೆ ಹೊಕ್ಕ ಮೇಲೆ ನೆನಪಿನಿಂದ ಬರೆಯಿರಿ. ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗಲೂ ಈ ಅಭ್ಯಾಸ ನಡೆಯುತ್ತದೆ. ಗೆರೆಯೊಂದೇ ಎಷ್ಟು ಹೇಳಬಲ್ಲದೆಂಬುದನ್ನು ತಿಳಿಯಬೇಕಾದವರು ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಇದೇ ನಗರದಲ್ಲಿ ಬಾಳಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಬೇಕು. ಅವರ ಗೆರೆ ಎಲ್ಲಿ ತೆಳುವಾಗುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಬೆರಳಿನಿಂದ ಅನುಸರಿಸಿ ನೋಡಿದವರಿಗೆ ಓಡುವ ರೈಲಿನಿಂದ ಯಾವುದನ್ನು ಬಿಡಬೇಕು ಎಂಬುದು ಹೊಳೆಯುತ್ತದೆ.

ಕೂರುವ ಮೊದಲು ಕೇಳುವುದು ಮರ್ಯಾದೆ. ಕೋಳಿವಾಡದಲ್ಲಿ ಮೀನು ಒಣಗಿಸುತ್ತಿರುವ ಹೆಂಗಸಿಗೆ "ಮಾವಶೀ, ಇಥೆ ಬಸೂ ಕಾ?" (ಚಿಕ್ಕಮ್ಮಾ, ಇಲ್ಲಿ ಕೂರಲೇ?) ಎಂದು ಮರಾಠಿಯಲ್ಲಿ ಕೇಳಿದರೆ ಬಹುಮಟ್ಟಿಗೆ ನೆರಳಿರುವ ಜಾಗವನ್ನು ಅವರೇ ತೋರಿಸುತ್ತಾರೆ, ಗೋವಾದಲ್ಲಿ ನಮ್ಮ ಕರಾವಳಿಯವರ ಕೊಂಕಣಿ ಕೆಲಸಕ್ಕೆ ಬರುತ್ತದೆ. ಬಂದರು, ನೌಕಾಪಡೆಯ ನೆಲೆ, ವಿಮಾನ ನಿಲ್ದಾಣದ ಬೇಲಿಗಳ ಸಮೀಪ ಪುಸ್ತಕ ತೆರೆಯಬೇಡಿ. ಸಂರಕ್ಷಿತ ಸ್ಮಾರಕಗಳಲ್ಲಿ ಪುಸ್ತಕ ತೊಡೆಯ ಮೇಲಿಟ್ಟು ಬರೆಯಿರಿ. ಈಸೆಲ್ ನಿಲ್ಲಿಸುವುದಿದ್ದರೆ ಕಾವಲುಗಾರರನ್ನು ಮೊದಲೇ ವಿಚಾರಿಸಿ. ಸುತ್ತ ಜನ ಸೇರುವುದು ಇಷ್ಟವಿಲ್ಲದವರು ಗೋಡೆಗೆ ಬೆನ್ನು ಕೊಟ್ಟು ಕುಳಿತರಾಯಿತು. ಬಣ್ಣ ತೊಳೆದ ನೀರನ್ನು ಬಾವಿಗೂ ಕೊಳಕ್ಕೂ ಚೆಲ್ಲಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಏಳುವ ಮೊದಲು ಹಾಳೆಯ ಹಿಂಬದಿಯಲ್ಲಿ ಊರು, ದಿನಾಂಕ, ಗಂಟೆ, ಬೆಳಕು ಬಂದ ದಿಕ್ಕು, ಕಡಲ ಬದಿಯಾದರೆ ತಿಥಿ, ಕಲಸಿದ ಬಣ್ಣಗಳ ಹೆಸರು ಇಷ್ಟನ್ನೂ ಪೆನ್ಸಿಲಿನಲ್ಲಿ ಬರೆಯಿರಿ. ಮುಗಿಯದ ಚಿತ್ರವನ್ನು ಮನೆಯಲ್ಲಿ ಫೋಟೋ ನೋಡಿ ಮುಗಿಸುವುದಕ್ಕಿಂತ ಈ ಟಿಪ್ಪಣಿಯನ್ನು ನೋಡಿ ಮುಗಿಸುವುದು ಉತ್ತಮ, ಏಕೆಂದರೆ ಕ್ಯಾಮೆರಾ ನೆರಳನ್ನು ಕಣ್ಣಿಗಿಂತ ಕಪ್ಪಾಗಿಸಿ ಅದರೊಳಗಿನ ಬಣ್ಣವನ್ನು ನುಂಗಿಬಿಡುತ್ತದೆ. ಮಳೆಗಾಲದಲ್ಲಿ ಕೋಣೆಗೆ ಮರಳಿದ ಮೇಲೆ ಪುಸ್ತಕವನ್ನು ಮುಚ್ಚದೆ ಫ್ಯಾನಿನ ಕೆಳಗೆ ರಾತ್ರಿಯಿಡೀ ತೆರೆದಿಡಿ, ಇಲ್ಲವಾದರೆ ಹಾಳೆಗಳು ಒಂದಕ್ಕೊಂದು ಅಂಟಿ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತವೆ.