ಪಕ್ಕದ ಬೆಂಚಿನವರ ಕೋಡ್ ಓದಿಸುವುದು ಹೇಗೆ?

‘ಒಬ್ಬರ ಕೋಡನ್ನು ಇನ್ನೊಬ್ಬರು ರಿವ್ಯೂ ಮಾಡಿ’ ಎಂದು ಲ್ಯಾಬಿನಲ್ಲಿ ಹೇಳಿದರೆ ಆಗುವುದು ಇಷ್ಟೇ: ಗೆಳೆಯನ ಹಾಳೆ ಇಸಿದುಕೊಂಡು ‘ಸೂಪರ್ ಮಗಾ’ ಎಂದು ಗೀಚಿ ವಾಪಸ್ ಕೊಡುವುದು. ಚಿಕ್ಕಮಗಳೂರಿನಲ್ಲಿ ಮೊದಲ ವರ್ಷದವರಿಗೆ ಸಿ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತ ಇದನ್ನು ಪ್ರತಿ ಸೆಮಿಸ್ಟರ್ ನೋಡುತ್ತೇನೆ. ತಪ್ಪು ಮಕ್ಕಳದ್ದಲ್ಲ. ಏನು ಬರೆಯಬೇಕೆಂದು ನಾವು ಹೇಳಿಕೊಟ್ಟಿರುವುದಿಲ್ಲ.

ಜೋಡಿಯನ್ನು ಚೀಟಿ ಎತ್ತಿ ಮಾಡಿ. ಕೋಡ್ ಐವತ್ತು ಸಾಲು ದಾಟದಿರಲಿ, ಸಾಲಿನ ಸಂಖ್ಯೆಯೊಂದಿಗೆ ಪ್ರಿಂಟ್ ಕೊಡಿ. ವಾಟ್ಸ್ಆ್ಯಪ್ ಫೋಟೊ ಖಂಡಿತ ಬೇಡ, ಸೆಮಿಕೋಲನ್ನೇ ಕಾಣುವುದಿಲ್ಲ.

ಕಷ್ಟವಿರುವುದು ಟಿಪ್ಪಣಿ ಬರೆಯುವಲ್ಲಿ. ನನ್ನದು ಒಂದೇ ನಿಯಮ: ಇನ್‌ಪುಟ್ ಇಲ್ಲದ ಟಿಪ್ಪಣಿಗೆ ಬೆಲೆಯಿಲ್ಲ. ನಮ್ಮೂರಿನ ಲೆಕ್ಕವನ್ನೇ ಕೊಡಿ. ಕಾಫಿ ಚೆರಿಗೆ ದರ ಕಟ್ಟುವುದು 50 ಕೆಜಿ ಮೂಟೆಗೆ. ಕೆಜಿ ಕೊಟ್ಟರೆ ಮೊತ್ತ ಹೇಳುವ ಪ್ರೋಗ್ರಾಮ್ ಬರೆಯಿರಿ ಎಂದಾಗ ಬಹಳ ಮಂದಿ ಎಲ್ಲ ವೇರಿಯಬಲ್‌ಗಳನ್ನೂ ‘ಇಂಟ್’ (ಪೂರ್ಣಾಂಕ ಮಾತ್ರ ಹಿಡಿಯುವಂಥದ್ದು) ಮಾಡಿ, ಕೆಜಿಯನ್ನು 50ರಿಂದ ಭಾಗಿಸುತ್ತಾರೆ. 100 ಕೆಜಿ ಕೊಟ್ಟು ನೋಡುತ್ತಾರೆ, 2 ಮೂಟೆ ಬರುತ್ತದೆ, ಖುಷಿ. ಅದೇ 120 ಕೊಟ್ಟರೂ 2 ಮೂಟೆಯೇ! ಸಿ ಭಾಷೆಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶ ಉದುರಿಹೋಗುತ್ತದೆ. ಮೂಟೆಗೆ 10,000 ರೂಪಾಯಿ ಎಂದಿಟ್ಟುಕೊಂಡರೆ ಬೆಳೆಗಾರನಿಗೆ 4,000 ಖೋತಾ.

‘ಭಾಗಾಕಾರ ಸರಿಯಿಲ್ಲ’ ಎಂಬ ಟಿಪ್ಪಣಿಯನ್ನು ನಾನು ಹಿಂದಿರುಗಿಸುತ್ತೇನೆ. ‘9ನೇ ಸಾಲು: 120 ಕೊಟ್ಟರೆ 2 ಬಂತು, 2.4 ಬರಬೇಕಲ್ಲವೇ?’ ಎಂದಿರಬೇಕು. ಅಲ್ಲಿಗೆ ನಿಲ್ಲಿಸಬೇಕು. ‘50ರ ಬದಲು 50.0 ಹಾಕು’ ಎಂದು ಪರಿಹಾರ ಬರೆದುಕೊಟ್ಟರೆ ಕೋಡ್ ಬರೆದವನು ಯೋಚಿಸದೆ ಹಾಕುತ್ತಾನೆ. ಆಗ ಭಾಗಾಕಾರ 2.4 ಕೊಟ್ಟರೂ, ಉತ್ತರ ಹೋಗಿ ಕೂರುವ ವೇರಿಯಬಲ್ಲೇ ‘ಇಂಟ್’ ಆದ್ದರಿಂದ ಮತ್ತೆ 2 ಬರುತ್ತದೆ. ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಪ್ರಕಟಿಸಿದ ಕೋಡ್ ತಪಾಸಣೆಯ ಕ್ರಮದಲ್ಲೂ ದೋಷ ಹುಡುಕುವುದು ತಂಡದ ಕೆಲಸ, ತಿದ್ದುವುದು ಬರೆದವರ ಕೆಲಸ.

ಅಂದಹಾಗೆ, ಕೋಡ್ ಓಡಿಸಲು ಹಳೆಯ ಟರ್ಬೋ ಸಿ ಕಂಪೈಲರ್ ಬಿಟ್ಟುಬಿಡಿ, ಜಿಸಿಸಿ ಕಂಪೈಲರ್ ಹಾಕಿಸಿ. ಟರ್ಬೋದ ‘ಇಂಟ್’ 16 ಬಿಟ್, 32,767ಕ್ಕೆ ಮುಗಿಯಿತು. ನಾಲ್ಕು ಮೂಟೆಯ 40,000 ರೂಪಾಯಿ ಮೈನಸ್ 25,536 ಆಗಿ ಕಾಣುತ್ತದೆ. ಹೊಸಬರು ತಮ್ಮದೇ ತಪ್ಪೆಂದು ಗಂಟೆಗಟ್ಟಲೆ ಹುಡುಕುತ್ತಾರೆ.

ಮುಂದೆ, ಬರೆದವರು ಪ್ರತಿ ಟಿಪ್ಪಣಿಗೂ ‘ತಿದ್ದಿದೆ’ ಅಥವಾ ‘ತಿದ್ದಿಲ್ಲ, ಏಕೆಂದರೆ’ ಎಂದು ಉತ್ತರಿಸಲಿ.

ಅಂಕವನ್ನು ಕೋಡ್ ಓದಿ ಟಿಪ್ಪಣಿ ಬರೆದವರಿಗೆ ಕೊಡಿ. ಸಿಕ್ಕ ದೋಷಕ್ಕೆ ಕೋಡ್ ಬರೆದವರ ಅಂಕ ಕತ್ತರಿಸಿದಿರೋ, ಮುಂದಿನ ವಾರದಿಂದ ಎಲ್ಲರೂ ‘ಸೂಪರ್ ಮಗಾ’ಗೆ ಮರಳುತ್ತಾರೆ. ಚಾಟ್‌ಜಿಪಿಟಿಗೆ ಹಾಕಿ ಟಿಪ್ಪಣಿ ತರುವವರೂ ಇದ್ದಾರೆ. ಅವರನ್ನು ಗದರಬೇಡಿ. ಬೋರ್ಡಿಗೆ ಕರೆದು, ಅವರು ಕೊಟ್ಟ ಇನ್‌ಪುಟ್ಟನ್ನೇ ಇಟ್ಟುಕೊಂಡು ಪ್ರತಿ ಸಾಲಿಗೂ ವೇರಿಯಬಲ್ಲಿನ ಬೆಲೆ ಬರೆಯಲು ಹೇಳಿ. ಸೀಮೆಸುಣ್ಣ ಯಾವ ಸಾಲಿನಲ್ಲಿ ನಿಂತಿತೋ ಮುಂದಿನ ಪಾಠ ಅಲ್ಲಿಂದ ಶುರು ಮಾಡಿ.